ನಾಲ್ಕಕ್ಕೆ ನಿಂತ ಗಿಟಾರ್

"ಮುಟ್ಟಬೇಡಿ!"

ಹಿಂದಿನಿಂದ ಬಂದ ಆ ಕೂಗಿಗೆ ಭವ್ಯಶ್ರೀಯ ಎದೆ ಧಸಕ್ಕೆಂದಿತು. ಆಂಪ್ಲಿಫೈಯರಿನ ಸ್ವಿಚ್ಚಿನ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಕೊಲ್ಲಿ ನಾಡಿನ ಕನ್ನಡ ಸಂಘದ ಮುಖ್ಯಸ್ಥ ಪುರಂದರಣ್ಣನ ವಿಲ್ಲಾದ ಹಾಲಿನಲ್ಲಿ ರಾಜ್ಯೋತ್ಸವದ ಪ್ರಾಕ್ಟೀಸಿಗೆ ಸೇರಿದ್ದ ಹದಿನೈದು ಜನ ಒಮ್ಮೆಲೇ ತಿರುಗಿ ನೋಡಿದರು.

ಕೂಗಿದವನು ಓಡಿ ಬಂದ. ಕೈಯಲ್ಲಿ ಸ್ಕ್ರೂಡ್ರೈವರ್, ಮುಖದಲ್ಲಿ ಗಾಬರಿ.

"ಸ್ಪೀಕರಿನ ವಯರ್ ಇನ್ನೂ ಹಾಕ್ಲಿಲ್ಲ. ಹಾಗೇ ಆನ್ ಮಾಡಿದ್ರೆ ಒಳಗೆ ಸುಟ್ಟು ಹೋಗ್ತದೆ. ಗೊತ್ತಿಲ್ವಾ ನಿಮಗೆ?"

'ಗೊತ್ತಿದ್ದರೆ ಯಾಕೆ ಮುಟ್ಟುತ್ತಿದ್ದೆ?' ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಅವಳು, "ಸಾರಿ..." ಎಂದಳು.

"ನನ್ನದೂ ತಪ್ಪು. ಕೂಗಬಾರದಿತ್ತು," ಎಂದು ಅವನು ಆಂಪ್ಲಿಫೈಯರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತ. ಕಿವಿ ಕೆಂಪಾಗಿತ್ತು.

ಅವನು ಪೃಥ್ವಿರಾಜ್. ಮುಸಫ್ಫಾ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಎಲೆಕ್ಟ್ರಾನಿಕ್ಸ್ ಟೆಕ್ನಿಶಿಯನ್. ಊರಿಗೆ ವಾಪಸು ಹೋದ ಬಿಳಿಯನೊಬ್ಬ ಬಿಟ್ಟುಹೋಗಿದ್ದ ಹಳೆಯ ಟ್ಯೂಬ್ ಆಂಪನ್ನು ರಿಪೇರಿ ಮಾಡಿ ಸಂಘಕ್ಕೆ ತಂದವನು ಅವನೇ. ಭವ್ಯಶ್ರೀ ಅಲ್ ಐನ್‌ನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರ್. ಎಲೆಕ್ಟ್ರಿಕ್ ಗಿಟಾರ್ ಅವಳ ಆಸೆಯೂ ಹೌದು, ಹೆದರಿಕೆಯೂ ಹೌದು.

ಗದರಿಸಿದವನ ಮೇಲೆಯೇ ಮನಸ್ಸಾಗುವುದುಂಟೇ? ಉಂಟು! ಮನಸ್ಸಿಗೆ ಮಾನ, ಮರ್ಯಾದೆ ಎರಡೂ ಸ್ವಲ್ಪ ಕಡಿಮೆ.

ವಾರದ ರಜೆಯ ಆ ಶುಕ್ರವಾರ ಅವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ಗಾಜಿನ ಟ್ಯೂಬುಗಳು, ಹಳೆಯ ವಾಲ್ವ್ ರೇಡಿಯೋದಲ್ಲಿ ಇರುತ್ತಿದ್ದಂಥವು, ಒಳಗೆ ಕೆಂಪಗೆ ಹೊತ್ತಿಕೊಳ್ಳುವವರೆಗೆ ಕಾಯಬೇಕು.

"ಕ್ಲೀನ್ ಸೌಂಡ್, ಅಂದ್ರೆ ಒಡೆಯದ ಸೌಂಡ್, ಒಂದೇ ಥರ ಅಲ್ಲ ಮೇಡಂ. ಈಗ ಮೀಟಿ."

ಮೀಟಿದಳು. ದೇವರ ಕೋಣೆಯ ಸಣ್ಣ ಗಂಟೆಯ ಹಾಗೆ ಕಿಣಿಕಿಣಿ. ಅವನು ಟ್ರೆಬಲ್ ಗುಂಡಿ ತಿರುಗಿಸಿ ಕಿಣಿಕಿಣಿ ತಗ್ಗಿಸಿದ. ಅದೇ ತಂತಿ ಈಗ ಮೆತ್ತಗೆ, ದುಂಡಗೆ ನುಡಿಯಿತು.

"ಇನ್ನೂ ಒಂದು ಥರ ಉಂಟು. ಸರಿಯಾಗ್ಲಿಕ್ಕೆ ಎರಡು ವಾರ ಬೇಕು," ಎಂದ. ಅದೇನೆಂದು ಹೇಳಲಿಲ್ಲ. ಹೇಳಬೇಕಾದ ಮಾತನ್ನು ಹೇಳದೆ ಉಳಿಸಿಕೊಳ್ಳುವುದರಲ್ಲಿ ಈ ಮನುಷ್ಯ ಎತ್ತಿದ ಕೈ!

ಮುಂದಿನ ಶುಕ್ರವಾರಗಳಿಗಾಗಿ ಅವಳು ದಿನ ಎಣಿಸತೊಡಗಿದಳು. ಬೆಳಿಗ್ಗೆ ಅಣ್ಣ ಲತೇಶ್ ಕಾರು ತೆಗೆಯುವ ಮೊದಲೇ ತಯಾರಾಗಿ ನಿಂತಿರುತ್ತಿದ್ದಳು. ಅತ್ತಿಗೆ ಲೋಲಾಕ್ಷಿ ನೋಡಿಯೂ ನೋಡದ ಹಾಗಿರುತ್ತಿದ್ದಳು. ಆದರೆ ಹಿಂದೆಯೇ ಒಂದು ಭಯವೂ ಬರುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ? ಅವನು ಮುಸಫ್ಫಾದಲ್ಲಿ, ತಾನು ಒಂದೂವರೆ ಗಂಟೆ ದೂರದ ಅಲ್ ಐನ್‌ನಲ್ಲಿ. ನೋಡಲು ಯಾವ ನೆಪ?

ಮೂರನೇ ಶುಕ್ರವಾರ ಎಲ್ಲವೂ ಕೆಟ್ಟಿತು.

ಪೃಥ್ವಿರಾಜ್ ಅವಳ ಗಿಟಾರ್ ತೆಗೆದುಕೊಂಡ. ಅದರ ವಾಲ್ಯೂಮ್ ಗುಂಡಿಯನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿ, ಪಕ್ಕದಲ್ಲಿ ಬಿಳಿ ಟೇಪಿನ ಚೂರೊಂದನ್ನು ಅಂಟಿಸಿದ.

"ಇದರ ಮೇಲೆ ಹೋಗಬೇಡಿ. ಸ್ಟೇಜಲ್ಲಿ ಏನೇ ಆದ್ರೂ."

"ಯಾಕೆ?"

"ಸರಿ ಉಂಟು ಹೀಗೆ," ಎಂದವನೇ ಲೆಸ್ಲಿಯ ಹತ್ತಿರ ಹೋದ. ಲೆಸ್ಲಿ ಸಂಘದ ಹಳೆಯ ಗಿಟಾರಿಸ್ಟ್, ಬೇರೆ ಆಂಪಿನಲ್ಲಿ ನುಡಿಸುವವನು. ಅವನ ಗುಂಡಿ ಹತ್ತರಲ್ಲಿತ್ತು. ಅಲ್ಲಿ ಟೇಪೂ ಇಲ್ಲ, ತಡೆಯೂ ಇಲ್ಲ.

ಭವ್ಯಶ್ರೀಗೆ ಹಳೆಯದೊಂದು ನೆನಪಾಯಿತು.

ಎರಡು ವರ್ಷಗಳ ಹಿಂದೆ ದುಬೈಯ ಒಂದು ಕಾರ್ಯಕ್ರಮದಲ್ಲಿ ಅವಳು ಒಂದು ತಂಡದ ಜೊತೆ ನುಡಿಸಿದ್ದಳು. ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಆಮೇಲೆ ವಿಡಿಯೋ ನೋಡಿದರೆ... ಬೆರಳು ಓಡುತ್ತಿದೆ, ಅವಳ ಗಿಟಾರಿನ ಸದ್ದೇ ಇಲ್ಲ! 'ಹೊಸ ಹುಡುಗಿ, ತಪ್ಪಿದರೆ ಕಷ್ಟ' ಎಂದು ಸೌಂಡಿನವನು ಅವಳ ಲೈನನ್ನೇ ಮುಚ್ಚಿದ್ದ. ಆ ಚಪ್ಪಾಳೆ ಅವಳ ಸೀರೆಗೆ ಬಿದ್ದದ್ದೇ ಹೊರತು ಗಿಟಾರಿಗಲ್ಲ.

'ಇವರೂ ಹಾಗೇ. ಪಾಪದ ಹುಡುಗಿ, ಮೆಲ್ಲಗೆ ನುಡಿಸಲಿ, ಯಾರಿಗೂ ಕೇಳಿಸುವುದು ಬೇಡ...'

ಬೇರೆ ಯಾರಾದರೂ ಮಾಡಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಇವನು ಮಾಡಿದ್ದನ್ನು ಸಹಿಸಲಾಗಲಿಲ್ಲ. ತಂತಿ ಬದಲಾಯಿಸಲೆಂದು ಕೊಟ್ಟಿದ್ದ ಗಿಟಾರನ್ನು ಅವನ ಬಳಿಯೇ ಬಿಟ್ಟು, ಹೋಗುತ್ತೇನೆಂದೂ ಹೇಳದೆ ಹೊರಟುಬಿಟ್ಟಳು.

ಕಾರ್ಯಕ್ರಮ ಮುಂದಿನ ಶುಕ್ರವಾರ. ಅದರ ಹಿಂದಿನ ದಿನ ಪುರಂದರಣ್ಣನಿಗೆ ಮೆಸೇಜ್ ಹಾಕಿದಳು. 'ನನಗೆ ಆಗುವುದಿಲ್ಲ. ಲೆಸ್ಲಿಯವರೇ ನುಡಿಸಲಿ.' ಸ್ವಲ್ಪ ಹೊತ್ತಿಗೆ ಪೃಥ್ವಿರಾಜನ ಫೋನು. ಒಂದಲ್ಲ, ಐದು ಸಲ. ಎತ್ತಲಿಲ್ಲ. ಆರನೆಯದು ಬರಲಿಲ್ಲವಲ್ಲ ಎಂದು ಅತ್ತದ್ದೂ ಅವಳೇ!

"ಎಂತ ಮಾರಾಯ್ತಿ ಇದು?" ಲೋಲಾಕ್ಷಿ ಪಕ್ಕದಲ್ಲಿ ಕುಳಿತಳು. "ನುಡಿಸುದಿಲ್ಲ ಅಂದ್ರೆ ಬಿಡು. ಗಿಟಾರ್ ನಿನ್ನದಲ್ವಾ? ನಾಳೆ ಹೋಗಿ ತಕೊಂಡು ಬಾ. ಅಣ್ಣ ಕರ್ಕೊಂಡು ಹೋಗ್ತಾರೆ."

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಕಾರ್ಯಕ್ರಮ ನಡೆಯುವ ಶಾಲೆಯ ಆಡಿಟೋರಿಯಂನ ಹಿಂಬಾಗಿಲಿನಿಂದ ಒಳಗೆ ಬಂದ ಭವ್ಯಶ್ರೀ ಕಡೆಯ ಸಾಲಿನ ಹತ್ತಿರ ನಿಂತಳು. ಅಲ್ಲಿ ದೀಪ ಹಾಕಿರಲಿಲ್ಲ. 'ಗಿಟಾರ್ ಕೊಡಿ ಅನ್ನಬೇಕು, ಹೊರಡಬೇಕು. ಮುಖ ನೋಡಬಾರದು.'

ಸ್ಟೇಜಿನ ಮೇಲೆ ಅವಳ ಗಿಟಾರ್ ಲೆಸ್ಲಿಯ ಕೈಯಲ್ಲಿತ್ತು. ಅವನು ಜೋರಾಗಿ ಬಾರಿಸಿದ. ಸೌಂಡು ಒಡೆದು ಕೆರೆಯಿತು.

"ಎಂತ ಮಾರಾಯ? ಸ್ವಲ್ಪ ಒತ್ತಿದ್ರೆ ಕೆರೀತದೆ!"

"ಮೆಲ್ಲ ಮೀಟಿ ನೋಡಿ," ಎಂದ ಪೃಥ್ವಿರಾಜ್.

ಲೆಸ್ಲಿ ಒಂದೇ ತಂತಿಯನ್ನು ಮೆಲ್ಲಗೆ ಮೀಟಿದ. ಆ ಸ್ವರ ತುಂಬಿಕೊಂಡು, ಒಂದಿಷ್ಟೂ ಕಲಕದೆ, ಖಾಲಿ ಕುರ್ಚಿಗಳನ್ನೆಲ್ಲ ದಾಟಿ ಭವ್ಯಶ್ರೀಯ ಕಿವಿಗೆ ಬಂತು. ಅವಳು ಕುರ್ಚಿ ಹಿಡಿದುಕೊಂಡಳು.

"ಗಿಟಾರ್ ನಾಲ್ಕರಲ್ಲೇ ಉಂಟಲ್ಲ?" ಲೆಸ್ಲಿಗೆ ಆಶ್ಚರ್ಯ.

"ನಾಲ್ಕೇ. ಆಂಪನ್ನು ಎಂಟಕ್ಕೆ ಏರಿಸಿದ್ದೇನೆ, ಅದಕ್ಕೇ ಕಡೇ ಸಾಲಿಗೂ ಹೋಗುದು. ಗಿಟಾರನ್ನೂ ಏರಿಸಿದ್ರೆ ಟ್ಯೂಬ್ ತಡೆಯುದಿಲ್ಲ, ಒಡೀತದೆ."

"ಸುಲಭದ ಸೌಂಡೊಂದು ಇಡು ಮಾರಾಯ. ಇದರಲ್ಲಿ ಬೆರಳು ನಡುಗಿದ್ರೂ ಕೇಳಿಸ್ತದೆ."

"ಅದು ಎರಡು ವಾರ ಕೂತು ಭವ್ಯಶ್ರೀಯವರ ಕೈಗೆ ಅಂತ ಇಟ್ಟದ್ದು. ಅವರು ಎಷ್ಟು ಮೆಲ್ಲ ಮೀಟ್ತಾರೆ, ಅದೆಲ್ಲ ಕೇಳಬೇಕಾದ್ರೆ ಇದೇ ಆಗಬೇಕು. ತೆಗೀಲಿಕ್ಕೆ ಮನಸ್ಸು ಬರುದಿಲ್ಲ."

"ಬರುದಿಲ್ಲ ಅಂದಿದ್ದಾರಲ್ಲ ಅವರು!"

"ಬರ್ಲಿಕ್ಕೂ ಸಾಕು..."

ಭವ್ಯಶ್ರೀಯ ಕಣ್ಣು ತುಂಬಿತು. ಅವಳು ನಡೆದ ಸದ್ದಿಗೆ ಇಬ್ಬರೂ ತಿರುಗಿದರು. ಲೆಸ್ಲಿ ಗಿಟಾರನ್ನು ಸ್ಟ್ಯಾಂಡಿಗೆ ಇಟ್ಟು, "ನಾನೊಂದು ಸುಲೈಮಾನಿ ಚಾ ಕುಡಿದು ಬರ್ತೇನೆ," ಎಂದು ಜಾಗ ಖಾಲಿ ಮಾಡಿದ.

"ಹೇಳಬಾರದಿತ್ತಾ?" ಅವಳು ಸ್ಟೇಜಿನ ಮೆಟ್ಟಿಲು ಹತ್ತಿದಳು. "ಯಾಕೆ ಅಂತ ಕೇಳಿದೆನಲ್ಲ! ನನ್ನ ಬಾಯಿ ಮುಚ್ಚಿಸ್ತಿದ್ದೀರಿ ಅಂದುಕೊಂಡೆ..."

ದುಬೈಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಪೃಥ್ವಿರಾಜನ ಮುಖ ಸಪ್ಪಗಾಯಿತು.

"ಇದು ಕಷ್ಟದ ಸೌಂಡ್ ಅಂತ ಹೇಳಿದ್ರೆ ನೀವು ಹೆದರ್ತೀರಿ ಅಂತ ಹೇಳ್ಲಿಲ್ಲ. ನನ್ನ ತಲೆ! ಬೇಡ, ಈಗ್ಲೇ ಬದಲಾಯಿಸ್ತೇನೆ. ಮೆತ್ತಗಿನದ್ದು ಇಡ್ತೇನೆ. ತಪ್ಪಿದ್ರೂ ಯಾರಿಗೂ ಗೊತ್ತಾಗುದಿಲ್ಲ."

ಅವನ ಕೈ ಆಂಪಿನ ಕಡೆ ಹೋಯಿತು. ಭವ್ಯಶ್ರೀ ಖಾಲಿ ಕುರ್ಚಿಗಳ ಕಡೆ ನೋಡಿದಳು. ಆರುನೂರು ಜನ... ಒಂದು ಬೆರಳು ಜಾರಿದರೆ ಆರುನೂರು ಜನಕ್ಕೂ ಗೊತ್ತಾಗುತ್ತದೆ.

"ಬೇಡ," ಎಂದಳು. "ಇದೇ ಇರ್ಲಿ. ಮುಟ್ಟಬೇಡಿ."

ಸಂಜೆ ಏಳಕ್ಕೆ ಅವಳ ಸರದಿ ಬಂತು. ಹಾಡಿನ ಮೊದಲ ಸಾಲು ಸರಿಯಾಗಿ ಬಂತು, ಎರಡನೆಯದೂ ಬಂತು. ಮೂರನೆಯದರಲ್ಲಿ ಬೆವರಿದ ಬೆರಳು ಜಾರಿ ತಪ್ಪು ಸ್ವರವೊಂದು ಸಭೆಯ ತುಂಬಾ ಕೇಳಿಸಿತು. ಅವಳು ತಿರುಗಿ ನೋಡಿದಳು. ಪಕ್ಕದ ಪರದೆಯ ಬಳಿ ಪೃಥ್ವಿರಾಜ್ ತುಟಿ ಕಚ್ಚಿ ನಿಂತಿದ್ದ. ಅವನ ಕೈ ಯಾವ ಗುಂಡಿಯ ಕಡೆಗೂ ಹೋಗಲಿಲ್ಲ. ಅದನ್ನು ನೋಡಿ ಅವಳು ನಾಲ್ಕನೇ ಸಾಲು ಎತ್ತಿಕೊಂಡಳು, ಕೊನೆಯವರೆಗೂ ನುಡಿಸಿದಳು. ಚಪ್ಪಾಳೆ ಬಿದ್ದಾಗ ತಲೆ ಎತ್ತಿ ಕೇಳಿಸಿಕೊಂಡಳು.

ಪರದೆಯ ಹಿಂದೆ ಬಂದು ಹೆಗಲಿನಿಂದ ಗಿಟಾರ್ ಇಳಿಸಿದಳು.

"ಮೂರನೇ ಸಾಲಲ್ಲಿ ತಪ್ಪಿತು."

"ಕೇಳಿಸ್ತು."

"ಎಲ್ಲರಿಗೂ?"

"ಎಲ್ಲರಿಗೂ." ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ಬೆವರು ಒರೆಸಿಕೊಂಡು, ಪರೀಕ್ಷೆಗೆ ಕುಳಿತವನ ಹಾಗೆ ಅವಳನ್ನು ನೋಡಿದ. "ಭವ್ಯಶ್ರೀ... ನಂಗೆ ನೀವೆಂದ್ರೆ ತುಂಬಾ ಇಷ್ಟ. ನಿನ್ನೆ ಫೋನಲ್ಲಿ ಅದನ್ನೇ ಹೇಳ್ಬೇಕಂತ ಇತ್ತು. ಐದು ಸಲವೂ."

ಅವಳ ಕಣ್ಣಿನಿಂದ ನೀರು ಇಳಿದೇ ಬಿಟ್ಟಿತು.

"ಆರನೇ ಸಲ ಮಾಡಿದ್ರೆ ಎತ್ತುತ್ತಿದ್ದೆ!"

"ಬೇಜಾರಿತ್ತಲ್ಲ ನಿಮಗೆ..."

"ಇತ್ತು. ಇಷ್ಟ ಇದ್ದದ್ದಕ್ಕೇ ಇತ್ತು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕೈ ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿ, ಮತ್ತೆ ಹೊರತೆಗೆದ.

"ಇನ್ನು ಪ್ರಾಕ್ಟೀಸ್ ಇಲ್ಲ. ಅಲ್ ಐನ್‌ಗೆ ಬರ್ಲಿಕ್ಕೆ ಎಂತ ಕಾರಣ ಹೇಳುದು ನಾನು?"

"ಕಾರಣ ಎಂತಕ್ಕೆ? ಶುಕ್ರವಾರ ಅತ್ತಿಗೆ ನೀರುದೋಸೆ ಮಾಡ್ತಾರೆ. ಅಣ್ಣನೂ ಇರ್ತಾರೆ. ನನ್ನನ್ನೇ ನೋಡ್ಲಿಕ್ಕೆ ಬಂದದ್ದು ಅಂತ ಹೇಳಿ."

"ಅಣ್ಣನ ಎದುರೇ?"

"ಹ್ಞೂಂ. ಎಲ್ಲರಿಗೂ ಕೇಳಿಸುವ ಹಾಗೆ."