ದುಂಡವ್ವನ ಗುಂಡುಬಳೆ

ಮೋಡಗಳು ನೆಲಕ್ಕಿಳಿದು ಮೈ ತೊಳೆಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ ನೊರೆನಾಡು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ದೊಡ್ಡ ಕೋಟೆಯಿರಲಿಲ್ಲ, ಆನೆ ಕುದುರೆಗಳ ದಂಡೂ ಇರಲಿಲ್ಲ. ಆದರೂ ಅಲ್ಲಿಯ ಜನ ಎದೆ ಸೆಟೆಸಿಕೊಂಡೇ ನಡೆಯುತ್ತಿದ್ದರು. ಯಾಕೆಂದರೆ ಅವರ ಹತ್ತಿರ ದುಂಡವ್ವ ಇದ್ದಳು.

ದುಂಡವ್ವ ಹೆಂಗಸಲ್ಲ, ಹಂಡೆ. ಹೊಳೆಯ ದಂಡೆಯಲ್ಲಿ ಅಡ್ಡಲಾಗಿ ಮಲಗಿದ್ದ, ಅರಮನೆಯಷ್ಟು ದೊಡ್ಡ ತಾಮ್ರದ ಹಂಡೆ. ಮೈತುಂಬ ತೂತು, ಬೆನ್ನಿಗೆ ಉಕ್ಕಿನ ಅಚ್ಚು. ಊರಿನ ಬಟ್ಟೆಯನ್ನೆಲ್ಲ ಒಳಗೆ ತುಂಬಿ, ನೀರು ಬಿಟ್ಟು, ಒಂದು ಬುಟ್ಟಿ ಅಂಟುವಾಳ ಎಸೆದರೆ ಸಾಕು, ತನ್ನಷ್ಟಕ್ಕೆ ತಾನೇ ಗುಮ್ಮನೆ ಹಾಡುತ್ತಾ ತಿರುಗುತ್ತಿದ್ದಳು. ಅವಳ ಹೊಟ್ಟೆಯಿಂದ ಬಂದ ಬಟ್ಟೆ ತೊಟ್ಟವರಿಗೆ ಯಾವ ಮಾಟಮಂತ್ರವೂ ತಟ್ಟುತ್ತಿರಲಿಲ್ಲ. ಕಲ್ಲಿನ ಮೇಲೆ ಒಗೆದರೆ ಕೊಳೆಯೇನೋ ಹೋಗುತ್ತಿತ್ತು, ಆದರೆ ಆ ಕಾಪು ಬರುತ್ತಿರಲಿಲ್ಲ.

ದುಂಡವ್ವನನ್ನು ನೋಡಿಕೊಳ್ಳುತ್ತಿದ್ದವಳು ಸಂಗಜ್ಜಿ. ಅವಳ ಜೊತೆಗೆ ಮೊಮ್ಮಗಳು ಮಾಚವ್ವ. ಸಂಗಜ್ಜಿಯ ಜಂಬ ಊರಿಗೆಲ್ಲ ಗೊತ್ತಿತ್ತು. ದೊರೆ ಧವಳರಾಯನೇ ಎದುರಿಗೆ ಬಂದರೂ, "ಕಾಲು ತೊಳ್ಕೊಂಡು ಒಳಕ್ಕೆ ಬನ್ನಿ ಬುದ್ದಿ" ಎನ್ನುವವಳು.

ನೊರೆನಾಡಿನ ಆಚೆ ಪಾಚಿಗುಡ್ಡದಲ್ಲಿ ಕಿಲುಬಯ್ಯ ಎಂಬ ಮಂತ್ರವಾದಿ ಇದ್ದ. ಹುಟ್ಟಿದ ದಿನ ತೊಟ್ಟ ನಿಲುವಂಗಿಯನ್ನು ಅವನು ಒಮ್ಮೆಯೂ ಒಗೆಸಿರಲಿಲ್ಲ. ಅದು ಅವನ ಜೊತೆಗೇ ಬೆಳೆದಿತ್ತು. ಅವನ ಶಕ್ತಿಯೆಲ್ಲ ಆ ಅಂಗಿಯ ಕೊಳೆಯಲ್ಲೇ ಇತ್ತು. ದುಂಡವ್ವ ತಿರುಗುತ್ತಿರುವವರೆಗೆ ನೊರೆನಾಡಿನ ಒಂದು ಸೊಳ್ಳೆಯನ್ನೂ ಅವನು ಮುಟ್ಟುವಂತಿರಲಿಲ್ಲ. ಹಾಗಾಗಿ ಒಂದು ದಿನ ಇಲಿಯಾಗಿ ಬಂದು, ಅಚ್ಚಿನ ಸುತ್ತ ನೀರು ತಡೆಯುತ್ತಿದ್ದ ತೊಗಲುಪಟ್ಟಿಯನ್ನು ಒಂದು ನೂಲಿನಷ್ಟು ಕಚ್ಚಿ ಹೋದ.

ಆಮೇಲೆ ದುಂಡವ್ವನ ಹಾಡು ಕೆಟ್ಟಿತು. ಮೊದಲು ಗುರ್ರೆಂದಳು, ಆಮೇಲೆ ಕಟಕಟ ಹಲ್ಲು ಕಡಿದಳು.

"ಅಜ್ಜಿ, ಒಳಗೆ ಏನೋ ಸವೆದಿದೆ. ನಿಲ್ಲಿಸಿ ಬಿಚ್ಚಿ ನೋಡಾಣ" ಎಂದಳು ಮಾಚವ್ವ.

"ಬಾಯ್ಮುಚ್ಚೇ! ಗಂಟಲು ಕಟ್ಟಿದೆ ಅಷ್ಟೆ. ನನ್ನ ಕೈಗೆ ಬಂದಮೇಲೆ ಇವಳು ಒಂದು ದಿನಾನಾದರೂ ನಿಂತಿದಾಳಾ? ಈಗ ನಿಲ್ಲಿಸಿ ಊರೋರ ಬಾಯಿಗೆ ಬೀಳ್ಲಾ?"

ಅಜ್ಜಿ ನಿಲ್ಲಿಸಲಿಲ್ಲ. ಒಂದು ಬೆಳಿಗ್ಗೆ ಇಡೀ ಊರು ಕಿವಿ ಮುಚ್ಚಿಕೊಳ್ಳುವಂತೆ ಕಿರಿಚಿ, ದುಂಡವ್ವ ತಾನೇ ನಿಂತುಬಿಟ್ಟಳು.

ಅಂದಿನಿಂದ ಊರಿನಲ್ಲಿ ಮೇಕೆಗಳು ಹೆಚ್ಚಿದವು. ಯಾರ ಬಟ್ಟೆ ಕೊಳೆಯಾಯಿತೋ ಅವರಿಗೆ ಕೊಂಬು ಮೂಡುತ್ತಿತ್ತು. ಎಲ್ಲರಿಗಿಂತ ಮೊದಲು ಮೇಕೆಯಾದವಳು ಯಾರು ಅಂದುಕೊಂಡಿರಿ? ಸಂಗಜ್ಜಿಯೇ. ಊರಿನವರ ಬಟ್ಟೆಗೆಲ್ಲ ಜಾಗ ಮಾಡಿಕೊಟ್ಟು, ತನ್ನ ಸೀರೆಯನ್ನು ನಾಳೆಗೆ, ನಾಡಿದ್ದಿಗೆ ಎಂದು ಮುಂದೆ ಹಾಕುತ್ತಾ ಬಂದಿದ್ದಳು ಪಾಪ. ಮಾಚವ್ವ ನೀರು ತಂದು ಒಳಗೆ ಬರುವಷ್ಟರಲ್ಲಿ, ಜಗುಲಿಯ ಮೇಲೆ ನೀಲಿ ಸೀರೆ ಹೊದ್ದ ಬಿಳಿ ಮೇಕೆಯೊಂದು ಕೂತಿತ್ತು. ಮಾಚವ್ವ ಕೊಡ ಎತ್ತಿಹಾಕಿ, ಅದರ ಕೊರಳು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಕಿಲುಬಯ್ಯ ಊರ ನಡುವೆ ನಿಂತು ಸಾರಿದ: "ಅಮಾವಾಸ್ಯೆ ದಿನ ಹೊತ್ತು ಮುಳುಗೋದರೊಳಗೆ ಹಂಡೆ ತಿರುಗದಿದ್ದರೆ ಮೇಕೆಗಳು ಕೊನೇತನಕ ಮೇಕೆಗಳೇ! ಹಂಡೇನ ಕರಗಿಸಿ ನಾನು ಚೊಂಬು ಮಾಡಿಸ್ಕೋತೀನಿ!"

ಮಾಚವ್ವ ಕಣ್ಣೊರೆಸಿಕೊಂಡು ಸೆರಗು ಬಿಗಿದಳು. ದುಂಡವ್ವನ ಬೆನ್ನಿನ ತಗಡು ಬಿಚ್ಚಿದಳು. ಅಚ್ಚಿನ ಸುತ್ತ ಒಂದರೊಳಗೊಂದು ಎರಡು ಕಬ್ಬಿಣದ ಬಳೆ, ಅವುಗಳ ನಡುವೆ ಸಾಲಾಗಿ ಗುಂಡುಗಳು. ಗುಂಡು ಉರುಳಿದರೆ ಬಳೆ ತಿರುಗುತ್ತದೆ, ಬಳೆ ತಿರುಗಿದರೆ ಹಂಡೆ ತಿರುಗುತ್ತದೆ. ಈಗಿನವರು ಇದಕ್ಕೆ ಬೇರಿಂಗ್ ಅನ್ನುತ್ತಾರೆ, ನೊರೆನಾಡಿನವರು ಗುಂಡುಬಳೆ ಅನ್ನುತ್ತಿದ್ದರು. ಹೆಸರು ಯಾವುದಾದರೇನು, ಸವೆದರೆ ಎರಡೂ ಒಂದೇ ರಾಗ ಹಾಡುತ್ತವೆ. ಮಾಚವ್ವ ಬೆರಳು ಹಾಕಿದರೆ ಜಿಡ್ಡಿನ ಬದಲು ಕೆಂಪು ಕೆಸರು ಬಂತು. ಗುಂಡುಗಳು ತುಕ್ಕು ತಿಂದು, ಸಿಡುಬು ಬಂದವರ ಮುಖದಂತಾಗಿದ್ದವು.

ಹಳೆಯ ಗುಂಡುಬಳೆಯನ್ನು ಕಿತ್ತು ಗುಜರಿಗೆ ಎಸೆಯಲು ಹೋದಳು. ಅಜ್ಜಿಮೇಕೆ ಓಡಿಬಂದು ಅದರ ಮೇಲೆ ಕೂತುಬಿಟ್ಟಿತು. ಎಷ್ಟು ಎಬ್ಬಿಸಿದರೂ ಏಳಲಿಲ್ಲ.

"ಮೇಕೆ ಆದರೂ ನಿನ್ನ ಹಟ ಹೋಗಲಿಲ್ಲ ನೋಡು" ಎಂದು ಮಾಚವ್ವ ಅಳುವಿನಲ್ಲೂ ನಕ್ಕಳು.

ಊರಿನ ಕಮ್ಮಾರ ಆಗಲೇ ಮೇಕೆಯಾಗಿ ತನ್ನ ತಿದಿಯನ್ನೇ ಮೇಯುತ್ತಿದ್ದ. ಆದರೆ ತಾನು ಚಿಕ್ಕವಳಿದ್ದಾಗ ಅಜ್ಜಿ ಹೇಳಿದ್ದು ಮಾಚವ್ವನಿಗೆ ನೆನಪಿತ್ತು: ದುಂಡವ್ವನ ಗುಂಡು ಕಬ್ಬಿಣದ ಕೋಳಿಯದು, ಜಿಡ್ಡು ಕೆಸರುಮಡುವಿನ ಎಮ್ಮೆಯದು, ಪಟ್ಟಿ ಬಂಡೆಯ ಉಡದ್ದು. ಅಳತೆಗೆಂದು ಹಳೆಯ ತೊಗಲುಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮೇಕೆಯ ಮಾಟ ನೊರೆನಾಡಿನ ಗಡಿ ದಾಟುತ್ತಿರಲಿಲ್ಲ, ಮರಳಿ ಬರುವಾಗ ಉಡಲೆಂದು ದುಂಡವ್ವ ಒಗೆದ ತನ್ನ ಕೊನೆಯ ಸೀರೆಯನ್ನು ಗಂಟು ಕಟ್ಟಿಕೊಂಡಿದ್ದಳು.

ನಡೆದಳು, ನಡೆದಳು, ಕಬ್ಬಿಣದ ಕೋಳಿಯ ಬೆಟ್ಟಕ್ಕೆ ಬಂದಳು. ಕೋಳಿ ಬಳೆಯಾಕಾರದ ಗೂಡಿನಲ್ಲಿ ಕೂತು ಠಣ್ ಠಣ್ ಎಂದು ಕಬ್ಬಿಣದ ಮೊಟ್ಟೆ ಇಡುತ್ತಿತ್ತು.

"ನನ್ನ ಮೊಟ್ಟೆ ಹೆಂಗಿವೆ, ಹೇಳು" ಎಂದು ಕೇಳಿತು. ಪಕ್ಕದಲ್ಲಿ ಮೂಗು ಕುಕ್ಕಿಸಿಕೊಂಡ ರಾಜಕುಮಾರರು ಸಾಲಾಗಿ ಕೂತು ನರಳುತ್ತಿದ್ದರು.

ಮಾಚವ್ವ ಒಂದೊಂದನ್ನೂ ಬಂಡೆಯ ಮೇಲೆ ಉರುಳಿಸಿ ನೋಡಿದಳು. "ಕೋಳಿಯಮ್ಮ, ಇವು ಚಿನ್ನದಂಥವು. ಆದರೆ ಇದು ಸೊಟ್ಟ. ಇದೂ ಸೊಟ್ಟ. ಇವನ್ನ ನಾನು ಒಯ್ಯಲ್ಲ."

ರಾಜಕುಮಾರರು ಮೂಗು ಮುಚ್ಚಿಕೊಂಡರು. ಕೋಳಿ ಮಾತ್ರ ರೆಕ್ಕೆ ಬಡಿದು ನಕ್ಕಿತು. "ಇವರೆಲ್ಲ ಆಹಾ ಓಹೋ ಅಂದರು. ಉರುಳಿಸಿ ನೋಡಿದೋಳು ನೀನೊಬ್ಬಳೇ. ನೆಟ್ಟಗಿರೋದನ್ನೆಲ್ಲ ಗೂಡಿನ ಸಮೇತ ತಗೊಂಡು ಹೋಗು!" ಹೊಳೆಯುವ ಹೊಸ ಗುಂಡುಬಳೆ ಮಾಚವ್ವನ ಕೈ ಸೇರಿತು.

ನಡೆದಳು, ನಡೆದಳು, ಕೆಸರುಮಡುವಿಗೆ ಬಂದಳು. ಅಲ್ಲಿ ಗುಡ್ಡದಂಥ ಎಮ್ಮೆ ಮೂಗೊಂದನ್ನೇ ಮೇಲಿಟ್ಟು ಮಲಗಿತ್ತು. ಅದರ ಬೆಣ್ಣೆ ಬಿಸಿಲಿಗೆ ಕರಗದು, ಚಳಿಗೆ ಗಟ್ಟಿಯಾಗದು.

"ಬೆಣ್ಣೆ ಬೇಕಾ? ನನ್ನ ಮೈ ತೊಳಿ" ಎಂದಿತು.

ಮಾಚವ್ವ ಕೊಂಬಿನಿಂದ ಬಾಲದವರೆಗೆ ತಿಕ್ಕಿ ತೊಳೆದಳು. ತೊಳೆದು ಮುಗಿಸಿದ್ದೇ ತಡ, ಎಮ್ಮೆ ದಬಕ್ಕನೆ ಮತ್ತೆ ಕೆಸರಿಗೆ ಬಿತ್ತು. ಮಾಚವ್ವ ಮತ್ತೆ ತೊಳೆದಳು, ಎಮ್ಮೆ ಮತ್ತೆ ಬಿತ್ತು. ಮೂರನೆಯ ಸಲ ಅವಳು ಸೆರಗು ಹಿಂಡಿಕೊಂಡು ಹೇಳಿದಳು: "ಬೀಳು ಎಮ್ಮೆಯಮ್ಮ, ಎಷ್ಟು ಸಲ ಬೀಳ್ತೀಯೋ ಬೀಳು. ಕೊಳೆ ಕಂಡು ಓಡಿಹೋಗೋ ಮನೆತನ ಅಲ್ಲ ನಮ್ಮದು."

ಆ ಸಲ ಕಿವಿಯ ಹಿಂದೆಯೂ ತಿಕ್ಕಿದಳು. ಅಲ್ಲಿಯವರೆಗೆ ಯಾರೂ ಎಮ್ಮೆಯ ಕಿವಿಯ ಹಿಂದೆ ತಿಕ್ಕಿರಲಿಲ್ಲ. ಅದಕ್ಕೆ ಕಣ್ಣು ಮುಚ್ಚುವಷ್ಟು ಸುಖವಾಯಿತು. ಬೀಳುವುದನ್ನು ಮರೆತು ನಿಂತು, ಒಂದು ಕುಡಿಕೆ ತುಂಬ ಬೆಣ್ಣೆ ಕೊಟ್ಟಿತು.

ದಾರಿಯಲ್ಲಿ ಒಬ್ಬ ಮುದಿ ಬಳೆಗಾರ ಎದುರಾದ. ವೇಷ ಹಾಕಿದ ಕಿಲುಬಯ್ಯನೇ ಅವನು.

"ಗುಂಡೂ ಸಿಕ್ತು, ಬೆಣ್ಣೇನೂ ಸಿಕ್ತು. ಇನ್ಯಾಕವ್ವ ಅಲೀತೀಯ? ಸೊಂಟದಲ್ಲಿರೋ ಪಟ್ಟಿ ಗಟ್ಟಿಯಾಗೇ ಇದೆಯಲ್ಲ, ಅದನ್ನೇ ಹಾಕು. ನಾಳೆ ಅಮಾವಾಸ್ಯೆ. ಅಲ್ಲಿ ನಿಮ್ಮಜ್ಜಿ ಪಾಪ ಹುಲ್ಲು ಮೇಯ್ತಾ ಇದಾಳೆ" ಎಂದ.

ಮಾಚವ್ವನಿಗೆ ನೀಲಿ ಸೀರೆ ಹೊದ್ದ ಮೇಕೆ ಕಣ್ಣಮುಂದೆ ಬಂತು. ಮನೆಯ ಕಡೆ ತಿರುಗಿಯೂ ತಿರುಗಿದಳು. ಆದರೆ ಕೈಯಲ್ಲಿ ಹೊಳೆಯುತ್ತಿದ್ದ ಗುಂಡುಗಳನ್ನು ಕಂಡು ಕಾಲು ನಿಂತಿತು. ಹಳೆಯ ಗುಂಡೂ ಒಂದು ಕಾಲಕ್ಕೆ ಹೀಗೇ ಹೊಳೆಯುತ್ತಿತ್ತಲ್ಲ, ಅದಕ್ಕೆ ತುಕ್ಕು ಹಿಡಿದದ್ದು ಹೇಗೆ? ಪಟ್ಟಿಯನ್ನು ಬಿಚ್ಚಿ ಸೂರ್ಯನಿಗೆ ಹಿಡಿದಳು. ಒಂದು ನೂಲಿನಷ್ಟು ಬೆಳಕು ತೂರಿ ಅವಳ ಕಣ್ಣಿಗೆ ಬಿತ್ತು.

"ನೀರು ನುಗ್ಗಿದ್ದು ಇಲ್ಲಿಂದ! ಇದನ್ನೇ ಹಾಕಿದರೆ ಹೊಸ ಗುಂಡಿಗೂ ಇದೇ ಗತಿ. ನಾನು ಮೇಲೆ ಮೇಲೆ ಬಳಿದುಹೋಗೋಳಲ್ಲ ತಾತ, ಮಾಡಿದರೆ ಪೂರ್ತಿ ಮಾಡ್ತೀನಿ" ಎಂದವಳೇ ಬಂಡೆಯ ಕಡೆಗೆ ಓಡಿದಳು. ಕಿಲುಬಯ್ಯ ಹಲ್ಲು ಕಡಿದುಕೊಂಡು ಮಾಯವಾದ.

ಬಂಡೆಯ ಮೇಲೆ ಉಡ ಬಿಸಿಲು ಕಾಯಿಸುತ್ತಿತ್ತು. ಮಾಚವ್ವ ಬಾಯಿ ತೆರೆಯುವ ಮೊದಲೇ ಎರಡು ಕೈಯಿಂದ ಅವಳ ಮುಂಗೈ ಹಿಡಿಯಿತು. "ಬಿಡಿಸ್ಕೊ ನೋಡಾಣ!"

ಬಂದವರೆಲ್ಲ ಎಳೆದಾಡಿ ಕೂಗಾಡುತ್ತಿದ್ದರು, ಎಳೆದಷ್ಟೂ ಪಟ್ಟು ಬಿಗಿಯಾಗುತ್ತಿತ್ತು. ಮಾಚವ್ವ ಎಳೆಯಲಿಲ್ಲ. ಸೋರೆಬುರುಡೆಯ ನೀರನ್ನು ಆ ಪಟ್ಟಿನ ಮೇಲೆ ಸುರಿದಳು. ಮುಂಗೈಯ ಅಡಿಗೆ ಒಂದು ಹನಿಯೂ ಇಳಿಯಲಿಲ್ಲ.

"ಅಯ್ಯೋ ಉಡಪ್ಪ, ನನಗೆ ಬೇಕಾದ್ದು ಇದೇ! ಹಿಂಗೇ ಹಿಡೀಬೇಕು!" ಎಂದು ಕುಣಿದಾಡಿದಳು.

ಉಡ ತಬ್ಬಿಬ್ಬಾಗಿ ಪಟ್ಟು ಸಡಿಲಿಸಿತು. "ನನ್ನ ಹಿಡಿತ ಕಂಡು ಅತ್ತವರೇ ಎಲ್ಲಾ. ಮೆಚ್ಚಿಕೊಂಡೋಳು ನೀನೇ ಮೊದಲು" ಎಂದು, ಕಳಚಿಟ್ಟಿದ್ದ ತನ್ನ ಚರ್ಮವನ್ನು ಅವಳ ಮಡಿಲಿಗೆ ಹಾಕಿತು.

ಅಮಾವಾಸ್ಯೆಯ ಹೊತ್ತು ಇಳಿಯುತ್ತಿತ್ತು. ಹೊಳೆಯ ದಂಡೆಯ ತುಂಬ ಮೇಕೆಗಳು. ಧವಳರಾಯನಿಗೂ ಆಗಲೇ ಗಡ್ಡ ಮೂಡಿ, ಮಾತಿನ ನಡುವೆ ಮ್ಯಾ ಎನ್ನುತ್ತಿದ್ದ. ಕಿಲುಬಯ್ಯ ಹಂಡೆಯ ಪಕ್ಕದಲ್ಲಿ ಕರಗಿಸುವ ಬೆಂಕಿ ಹೊತ್ತಿಸಿ ಕೂತಿದ್ದ.

ಮಾಚವ್ವ ಉಡದ ಚರ್ಮದಿಂದ ಪಟ್ಟಿ ಕತ್ತರಿಸಿ, ಬೆಣ್ಣೆ ಸವರಿ, ಹೊಸ ಗುಂಡುಬಳೆಯನ್ನು ಹಂಡೆಯ ಬೆನ್ನಿನಲ್ಲಿ ಅದು ಕೂರುವ ಗುಳಿಯ ಬಾಯಿಗಿಟ್ಟಳು. ಅದು ಬಿಗಿಯಾಗಿತ್ತು, ಕೈಯಿಂದ ಒತ್ತಿದರೆ ಕೂರಲಿಲ್ಲ. ಸುತ್ತಿಗೆ ಎತ್ತಿದಳು.

"ಹೊಡಿ, ಜೋರಾಗಿ ಹೊಡಿ!" ಎಂದ ಕಿಲುಬಯ್ಯ, ಕಣ್ಣಲ್ಲಿ ಮಿಂಚು.

ಅಷ್ಟರಲ್ಲಿ ಅಜ್ಜಿಮೇಕೆ ನುಗ್ಗಿ ಬಂದು ಅವಳ ಮೊಣಕೈಗೆ ಗುದ್ದಿತು. ದೊರೆಯ ಸೇವಕರು ಹಚಾ ಹಚಾ ಎಂದು ಅಟ್ಟಿದರು. ಅದು ಹೋಗಲಿಲ್ಲ. ಇಷ್ಟು ದಿನ ಮೇಲೆ ಕೂತು ಕಾಯ್ದಿದ್ದ ಹಳೆಯ ಗುಂಡುಬಳೆಯನ್ನು ಬಾಯಲ್ಲಿ ಕಚ್ಚಿ ತಂದು, ಹೊಸದರ ಮೇಲಿಟ್ಟು, ಮಾಚವ್ವನ ಮುಖ ನೋಡಿತು.

ಮಾಚವ್ವನಿಗೆ ಅರ್ಥವಾಯಿತು. ಹೊಸದಕ್ಕೆ ನೇರವಾಗಿ ಹೊಡೆದರೆ ಅದು ಸೀಳಿಹೋಗುತ್ತದೆ. ಏಟು ಹಳೆಯದರ ಮೇಲೆ ಬೀಳಬೇಕು, ಹೊಸದು ಅದರ ಕೆಳಗೆ ಸುಮ್ಮನೆ ತನ್ನ ಜಾಗಕ್ಕೆ ಇಳಿಯಬೇಕು. ಹಳೆಯದರ ಅಳತೆ ಹೊಸದರ ಅಳತೆಯೇ ಅಲ್ಲವೇ! ಅವಳ ಕಣ್ಣು ತುಂಬಿ ಬಂತು. ಸುತ್ತಲೂ ಸಮವಾಗಿ ಬಡಿದಳು. ತುಕ್ಕು ಹಿಡಿದ ಬಳೆ ಒಂದೊಂದು ಏಟನ್ನೂ ತಾನು ತಿಂದಿತು, ಕೊನೆಯ ಏಟಿಗೆ ಎರಡು ಹೋಳಾಯಿತು. ಹೊಸ ಬಳೆ ಟಪ್ಪೆಂದು ಕೂತಿತ್ತು.

"ಮೊದಲು ದೊರೆಗಳ ಬಟ್ಟೆ!" ಎಂದು ಮಂತ್ರಿ ಬಟ್ಟೆಯ ಗಂಟು ಹಿಡಿದು ಬಂದ.

"ಇವತ್ತು ಮೊದಲು ನಮ್ಮಜ್ಜಿ ಸೀರೆ" ಎಂದಳು ಮಾಚವ್ವ. ದೊರೆ ಮ್ಯಾ ಎಂದ. ಅದನ್ನು ಒಪ್ಪಿಗೆ ಎಂದೇ ತಿಳಿದು, ಮೇಕೆಯ ಬೆನ್ನಿನ ನೀಲಿ ಸೀರೆಯನ್ನು ಒಳಗೆ ಹಾಕಿದಳು. ಮೇಕೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕಿಲುಬಯ್ಯನ ನಿಲುವಂಗಿಯನ್ನು ಕಚ್ಚಿ, ಒಂದೇ ಸಲ ಎಳೆದು, ಅದನ್ನೂ ಹಂಡೆಗೆ ಎಸೆಯಿತು.

ಹೊತ್ತು ಮುಳುಗಲು ಒಂದು ಗೆರೆ ಉಳಿದಿತ್ತು. ದುಂಡವ್ವ ಅಲುಗಿದಳು, ಉರುಳಿದಳು, ತಿರುಗಿದಳು. ಗುರ್ರೆನ್ನಲಿಲ್ಲ, ಕಟಕಟ ಎನ್ನಲಿಲ್ಲ, ಗುಮ್ಮನೆ ಹಾಡಿದಳು. ನಿಲುವಂಗಿಯ ಕೊಳೆಯೆಲ್ಲ ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದಂತೆ ದಂಡೆಯ ತುಂಬ ಮೇಕೆಗಳು ಮನುಷ್ಯರಾಗಿ ಎದ್ದು ನಿಂತರು. ಕಿಲುಬಯ್ಯ ಲಂಗೋಟಿಯಲ್ಲಿ ನಡುಗುವ ಒಬ್ಬ ಪುಟ್ಟ ಮನುಷ್ಯನಾಗಿ ಉಳಿದ.

ಸಂಗಜ್ಜಿ ಒಗೆದ ಸೀರೆ ಸುತ್ತಿಕೊಂಡು ಬಂದು, ಮೊಮ್ಮಗಳ ಮುಖವನ್ನೂ ನೋಡದೆ, ಮೊದಲು ಹಂಡೆಯನ್ನು ಹೊತ್ತಿದ್ದ ಕಟ್ಟೆಯ ಮೇಲೆ ಅಂಚಿನವರೆಗೆ ಹಾಲು ತುಂಬಿದ ಲೋಟ ಇಟ್ಟಳು. ಹಂಡೆ ಭರ್ರನೆ ತಿರುಗಿತು. ಲೋಟದ ಹಾಲು ತುಳುಕಲಿಲ್ಲ. ಆಮೇಲೆ ಮಾಚವ್ವನ ಎರಡೂ ಕೈ ಹಿಡಿದುಕೊಂಡಳು.

"ನೋಡಿ ಬುದ್ದಿ," ಎಂದು ದೊರೆಗೆ, ಊರಿಗೆ, ಹೊಳೆಗೆ ಕೇಳುವಂತೆ ಹೇಳಿದಳು. "ನನ್ನ ಕೈಲಿ ಹಂಡೆ ಒಂದು ದಿನಾನೂ ನಿಲ್ಲಲಿಲ್ಲ ಅಂತ ಜಂಬ ಕೊಚ್ಚಿಕೊಂಡೆ. ಅದೇನು ದೊಡ್ಡಸ್ತಿಕೆ? ನಿಂತದ್ದನ್ನ ಬಿಚ್ಚಿ, ಸವೆದದ್ದನ್ನ ಬದಲಿಸಿ, ಮತ್ತೆ ತಿರುಗಿಸಿದಳಲ್ಲ, ಇವಳು ನನ್ನ ಮೊಮ್ಮಗಳು!"

ಹೇಳುವಾಗ ಅವಳ ಎದೆ ದುಂಡವ್ವನಷ್ಟೇ ಅಗಲವಾಗಿತ್ತು.

ಕಿಲುಬಯ್ಯನನ್ನು ಯಾರೂ ಹೊಡೆಯಲಿಲ್ಲ. ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ದುಂಡವ್ವನ ಮೈಯ ಕಿಲುಬು ತಿಕ್ಕುವ ಕೆಲಸಕ್ಕೆ ಹಚ್ಚಿದರು, ಸಂಗಜ್ಜಿ ಪಕ್ಕದಲ್ಲಿ ಕೂತು ಬಿಟ್ಟ ಜಾಗ ತೋರಿಸುತ್ತಿದ್ದಳು. ನೊರೆನಾಡಿನವರು ಬೆಳ್ಳಗಿನ ಬಟ್ಟೆಯುಟ್ಟು ನೂರು ಕಾಲ ನಗುನಗುತ್ತಾ ಬಾಳಿದರು. ಎರಡು ಹೋಳಾದ ಆ ಹಳೆಯ ಗುಂಡುಬಳೆಯನ್ನು ಮಾತ್ರ ಮಾಚವ್ವ ಗುಜರಿಗೆ ಹಾಕಲಿಲ್ಲ. ಮನೆಯ ಬಾಗಿಲಿನ ಮೇಲೆ, ತೋರಣ ಕಟ್ಟುವ ಜಾಗದಲ್ಲಿ, ತೂಗುಹಾಕಿದಳು.