ನಿಖಿತಾಳ ಸಾಮಾನು ಸಾಗಾಟದ ಬಿಲ್ಲು

"ನನ್ನ ಮಗಳು ಕಳ್ಳಿ ಅಲ್ಲ ಅಕ್ಕ! ಐದು ಗಂಟೆಯ ಒಳಗೆ ರಾಜೀನಾಮೆ ಬರೆಯದಿದ್ದರೆ ಪೊಲೀಸರಿಗೆ ಕೊಡ್ತಾರಂತೆ. ಅವಳಪ್ಪ ಹೋದ ಜುಲೈ ಕೊನೆಗೆ ತೀರಿಕೊಂಡರು. ಅವಳ ಸಂಬಳ ಬಿಟ್ಟರೆ ನಮಗೆ ಬೇರೇನುಂಟು?"

ನಾರಾವಿಯ ಕಾಂತಿಯಮ್ಮ ಹೀಗೆ ಅಳುತ್ತಾ ಬಂದಾಗ ಮಧ್ಯಾಹ್ನ ಎರಡು ಗಂಟೆ. ಬಂಟ್ವಾಳದಲ್ಲಿ ತೆರಿಗೆ ಲೆಕ್ಕ ನೋಡುವ ಲೋಲಾಕ್ಷಿಯಕ್ಕ ಊಟ ಬಿಟ್ಟು ಎದ್ದರು. ಅವರ ಕಾರು ಓಡಿಸುವವನು ನಾನು, ಝಕರಿಯಾ. ಅವರು ಬಿಡಿಸಿದ ಕಗ್ಗಂಟುಗಳಿಗೆಲ್ಲ ನಾನೇ ಸಾಕ್ಷಿ, ಹಾಳಾದ ನನ್ನ ಊಟಗಳಿಗೂ ನಾನೇ ಸಾಕ್ಷಿ.

ಮೂಡುಬಿದಿರೆಯ ಗೋಡಂಬಿ ಕಂಪನಿಯಲ್ಲಿ ನಿಖಿತಾಳನ್ನು ಕಿಟಕಿಯಿಲ್ಲದ ಫೈಲು ಕೋಣೆಯಲ್ಲಿ ಕೂರಿಸಿದ್ದರು. ಫೋನು ಕಿತ್ತುಕೊಂಡಿದ್ದರು. ಬಾಗಿಲಲ್ಲಿ ವಾಚ್‌ಮನ್ ಬೇರೆ. ಥೂ, ನನಗೇ ಉಸಿರು ಕಟ್ಟಿತು.

ಮ್ಯಾನೇಜರ್ ಶರಣಬಸಪ್ಪ ಕಲಬುರಗಿಯವರು. "ಹೋದ ಜುಲೈ ಇಪ್ಪತ್ತೆರಡಕ್ಕ ಈಕಿ ಬೆಳ್ತಂಗಡಿಯಿಂದ ವರ್ಗವಾಗಿ ಬಂದಳ್ರೀ. ಸಾಮಾನು ಸಾಗಿಸಾಕ ಕಂಪನಿ ಅರವತ್ತು ಸಾವಿರ ಕೊಟ್ಟಿತು. ಖರ್ಚಾದಷ್ಟಕ್ಕ ತೆರಿಗೆ ಇಲ್ಲ, ಉಳಿದದ್ದು ಸಂಬಳದ ಲೆಕ್ಕ. ಈಕಿ ಪೂರಾ ಅರವತ್ತಕ್ಕೂ ಬಿಲ್ ಇಟ್ಟಾಳ. ಅಂಥ ಸಾಗಾಟದ ಕಂಪನಿನೇ ಇಲ್ಲಂತ ಆಡಿಟರ್ ಹಿಡಿದಾರ. ತೆರಿಗೆ ಉಳಿದದ್ದು ಈಕಿಗೆ, ಮತ್ತ್ಯಾರು ಮಾಡ್ತಾರ?"

ಬಿಲ್ಲಿನ ತಾರೀಕು ಆಗಸ್ಟ್ ಹದಿನೆಂಟು. ಜೊತೆಗಿದ್ದ ತೆರಿಗೆ ಫಾರ್ಮಿನಲ್ಲಿ ನಿಖಿತಾಳದೇ ಸಹಿ.

"ಮಾರ್ಚಿನಲ್ಲಿ ಎಲ್ಲರೂ ಖಾಲಿ ಫಾರ್ಮಿಗೆ ಸಹಿ ಹಾಕಿದ್ದು. ಮತ್ತೆ ತುಂಬಿಸ್ತೇನೆ ಅಂತ ಅಕೌಂಟ್ಸಿನ ದೇವಿಪ್ರಸಾದಣ್ಣ ಹೇಳಿದ್ರು. ಆ ಫಾರ್ಮು ಇಡುವ ಕಪಾಟಿನ ಬೀಗದಕೈ ಅವರಲ್ಲಿ ಒಂದು, ಮ್ಯಾನೇಜರಲ್ಲಿ ಒಂದು," ಎಂದಳು ನಿಖಿತಾ.

"ಸಾಮಾನು ಸಾಗಿಸಿದ್ದು ಯಾವತ್ತು?" ಅಕ್ಕ ಕೇಳಿದರು.

ಹುಡುಗಿ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದಳು. "ನೆನಪಿಲ್ಲ."

"ಜೈಲಿಗೆ ಹೋಗ್ತೀಯಾ ಮಾರಾಯ್ತಿ? ಬಾಯಿ ಬಿಡು!" ಎಂದು ನಾನು ರೇಗಿದೆ.

ಅಕ್ಕ ನನ್ನನ್ನು ಕರೆದುಕೊಂಡು ಅವಳ ಬಾಡಿಗೆಮನೆಯ ಯಜಮಾನಿ ಖತೀಜಮ್ಮನಲ್ಲಿಗೆ ಹೋಗಿ ಬಂದರು. ನಾಲ್ಕೂವರೆಗೆ ಎಲ್ಲರನ್ನೂ ಮ್ಯಾನೇಜರ ಕೋಣೆಯಲ್ಲಿ ಸೇರಿಸಿದರು.

"ಬಿಲ್ಲಿಲ್ಲದ ಹಣಕ್ಕೆ ಸಂಬಳದಲ್ಲೇ ತೆರಿಗೆ ಹಿಡಿಯಬೇಕಿತ್ತು. ಯಾರೂ ಹಿಡಿಯಲಿಲ್ಲ. ಪೂರ್ತಿ ಖರ್ಚಾಯಿತು ಅಂತ ಬಿಲ್ಲಿದ್ದರೆ ಆ ತಪ್ಪು ಮುಚ್ಚಿಹೋಗ್ತದೆ. ಹಾಗಾಗಿ ಲಾಭ ನಿಖಿತಾಳಿಗೆ ಮಾತ್ರ ಅಲ್ಲ. ಸಂಬಳದ ಲೆಕ್ಕ ಬರೆದ ದೇವಿಪ್ರಸಾದರಿಗೂ ಉಂಟು, ಅದಕ್ಕೆ ಸಹಿ ಹಾಕಿದ ನಿಮಗೂ ಉಂಟು ಸಾರ್. ಈ ಬಿಲ್ಲು ನೀವು ಬರೆದಿದ್ದರೆ ಯಾವ ತಾರೀಕು ಹಾಕ್ತಿದ್ರಿ?"

"ಜುಲೈದೇ ಹಾಕ್ತಿದ್ದೆ. ಒಂದು ತಿಂಗಳು ಯಾಕ ಕಾಯಬೇಕ್ರೀ?"

"ನಮ್ಮವರು ಕಾಯ್ತಾರೆ. ಜುಲೈ ಮಧ್ಯದಿಂದ ಒಂದು ತಿಂಗಳು ಆಟಿ. ಆಟಿಯಲ್ಲಿ ತುಳುವರು ಮನೆ ಬದಲಿಸುವುದಿಲ್ಲ, ಬದಲಿಸಿದರೆ ಮನೆಯವರ ಜೀವಕ್ಕೆ ಕೇಡು ಅಂತ ನಂಬಿಕೆ. ಆಗಸ್ಟ್ ಹದಿನೇಳಕ್ಕೆ ಆಟಿ ಮುಗಿದು ಸೋಣ ತಿಂಗಳು ಬಂತು, ಹದಿನೆಂಟಕ್ಕೆ ಬಿಲ್ಲು. ಈ ಲೆಕ್ಕ ನಿಮಗೆ ಹೊಳೆಯಲಿಕ್ಕಿಲ್ಲ. ಸಿದ್ಧಕಟ್ಟೆಯ ತುಳುವರಾದ ದೇವಿಪ್ರಸಾದರಿಗೆ ಹೊಳೆಯುತ್ತದೆ."

ದೇವಿಪ್ರಸಾದ ನಕ್ಕ. "ಅವಳೂ ತುಳುವಳೇ ಅಲ್ವಾ? ಅವಳೇ ಬರೆದಿರಬಹುದು!"

"ಅವಳಿಗೆ ನಿಜವಾದ ಬಿಲ್ಲೇ ಸಿಕ್ಕಿತ್ತು. ಇಲ್ಲಿಯ ಟೆಂಪೋದ್ದು, ಆರು ಸಾವಿರ. ಬಾಡಿಗೆ ಕರಾರಿನ ಜೊತೆ ಖತೀಜಮ್ಮ ಇಟ್ಟುಕೊಂಡಿದ್ದರು. ಮೋಸ ಮಾಡುವುದಿದ್ದರೆ ಅದಕ್ಕೇ ಒಂದು ಸೊನ್ನೆ ಸೇರಿಸಿದರೆ ಸಾಕಿತ್ತು. ಇಲ್ಲದ ಕಂಪನಿಯನ್ನು ಹುಟ್ಟಿಸಬೇಕಾದದ್ದು ನಿಜ ಬಿಲ್ಲು ನೋಡದವನಿಗೆ." ಅಕ್ಕ ಆ ಚೀಟಿಯನ್ನು ಮೇಜಿನ ಮೇಲಿಟ್ಟರು. "ತಾರೀಕು ಜುಲೈ ಇಪ್ಪತ್ತನಾಲ್ಕು. ಅವಳು ಆಟಿಯಲ್ಲೇ ಬಂದವಳು."

ದೇವಿಪ್ರಸಾದನ ನಗು ಇಳಿಯಿತು. "ತೆರಿಗೆ ಹಿಡಿಯಲು ಮರೆತುಹೋಗಿತ್ತು. ಕೆಲಸ ಹೋಗ್ತದೆ ಅಂತ ಹೆದರಿದೆ," ಎಂದ. ಶರಣಬಸಪ್ಪನವರು ನಿಖಿತಾಳ ಸಹಿಗೆಂದು ಬರೆಸಿಟ್ಟಿದ್ದ ರಾಜೀನಾಮೆ ಪತ್ರ ಹರಿದು ಹಾಕಿದರು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.

"ಆಟಿಯಲ್ಲಾ?" ಕಾಂತಿಯಮ್ಮ ಕೇಳಿದರು. "ಅಪ್ಪ ಸಾಯುವ ಮೊದಲಿನ ವಾರವಾ?"

"ಅಮ್ಮ, ಬೆಳ್ತಂಗಡಿಯ ಬಾಡಿಗೆಮನೆಯನ್ನು ಅದರ ಯಜಮಾನರು ಮಾರಿದ್ದರು. ನನ್ನನ್ನು ಹೊರಗೆ ಹಾಕಿದರು. ನಾನು ಎಲ್ಲಿಗೆ ಹೋಗುವುದು?"

ಆಗಷ್ಟೇ ನನಗೆ ಅರ್ಥವಾಯಿತು. ಕಳ್ಳಿ ಅನ್ನಿಸಿಕೊಂಡರೂ ಸರಿ, ಈ ಪ್ರಶ್ನೆ ಬರಬಾರದು ಎಂದು ಹುಡುಗಿ ಬಾಯಿ ಮುಚ್ಚಿ ಕೂತಿದ್ದಳು. "ತಾಯಿಯನ್ನು ಹೊರಗೆ ಕೂರಿಸಬಹುದಿತ್ತಲ್ಲ ಅಕ್ಕ!" ಎಂದು ಸಿಟ್ಟಿನಲ್ಲೇ ಪಿಸುಗುಟ್ಟಿದೆ.

"ನನಗೆ ಹೊಳೆಯಲಿಲ್ಲ ಝಕರಿಯಾ," ಎಂದರು ಅಕ್ಕ. ಅವರ ಮುಖ ಕಪ್ಪಿಟ್ಟಿತ್ತು.

ನಾನು ಕಾರಿನ ಬಾಗಿಲು ತೆರೆದೆ. ಕಾಂತಿಯಮ್ಮ ಹತ್ತಿ ಕುಳಿತರು. ಹಿಂದೆಯೇ ಬಂದ ನಿಖಿತಾ ಹತ್ತುವ ಮೊದಲೇ ಬಾಗಿಲು ಎಳೆದುಕೊಂಡರು.

"ನಾರಾವಿಗೆ ಬಿಡು," ಎಂದರು. "ನನ್ನನ್ನು ಮಾತ್ರ."