ಹಗ್ಗದ ಆಚೆ ತುದಿ

ಜನವರಿಯ ಬೆಳಗ್ಗೆ ಒಂಬತ್ತಕ್ಕೆ, ಸ್ಯಾನ್ ವಾಕೀನ್ ನದಿಯ ಮುಖಜಭೂಮಿಯಲ್ಲಿ ನಾವು ಅಕ್ಕ-ತಂಗಿ ಬೇರೆ ಬೇರೆ ದೋಣಿಗಳಲ್ಲಿ ಕೂತು ಪಟ್ಟೆ ಬಾಸ್ ಮೀನಿಗೆ ಗಾಳ ಹಾಕಿದ್ದಾಗ ಮಂಜು ಕವಿಯಿತು. ಅಕ್ಕ ರೋವೆನಾ ತನ್ನ ಪುಟ್ಟ ದೋಣಿ ಕಯಾಕ್‌ನಿಂದ ಹಗ್ಗದ ತುದಿಯೊಂದನ್ನು ನನ್ನತ್ತ ಎಸೆದಳು.

"ನಿನ್ ದೋಣಿಗೆ ಕಟ್ಕೊಳೇ, ಪುಕ್ಕಲಿ. ಹಡಗಿನ ದಾರೀಲಿ ಸಿಕ್ಕಾಕೊಂಡ್ರೆ ಮೀನಿಗೆ ನಾವೇ ಊಟ!"

ಕಟ್ಟಿಕೊಂಡ ಮರುಕ್ಷಣ ಮಂಜಿನಲ್ಲಿ ಅವಳು ಕಾಣಲಿಲ್ಲ. ಹಗ್ಗ ಬಿಗಿಯಾಗಿ ನನ್ನನ್ನು ಎಳೆಯತೊಡಗಿತು. ಅವಳು ಹುಟ್ಟು ಹಾಕುವ ಸದ್ದು ಮಾತ್ರ ಇರಲಿಲ್ಲ. ನಾನು ಅವಳನ್ನು ಕರೆದಾಗಲೆಲ್ಲ ಉತ್ತರವೆಂಬಂತೆ ಹಗ್ಗ ಎರಡು ಸಲ ಜಗ್ಗಿತು. ಹಡಗೊಂದು ಕೂಗುತ್ತ ಬೆನ್ನ ಹಿಂದೆಯೇ ಹಾದುಹೋಯಿತು.

ಕೊನೆಗೆ ಹಗ್ಗ ನನ್ನನ್ನು ದಡ ಮುಟ್ಟಿಸಿದಾಗ, ಅಲ್ಲಿ ಅಕ್ಕ ಅಳುತ್ತ ನಿಂತಿದ್ದಳು. "ಎಲ್ಲಿ ಹಾಳಾಗಿದ್ಯೇ? ಹಗ್ಗ ಆಗ್ಲೇ ನನ್ ಕೈಜಾರಿ ಹೋಯ್ತಲ್ಲ! ಒಂದು ಗಂಟೆಯಿಂದ ಕೂಗ್ತಿದೀನಿ."

ಹಗ್ಗವನ್ನು ನೀರಿನಿಂದ ಎಳೆದುಕೊಂಡೆ. ಉದ್ದಕ್ಕೂ ಕೊರೆಯುವಷ್ಟು ತಣ್ಣಗಿತ್ತು. ಆಚೆ ತುದಿಯ ಕೊನೆಯ ಗೇಣು ಮಾತ್ರ ಒಣಗಿತ್ತು, ಬೆಚ್ಚಗೂ ಇತ್ತು.